ಸೈಡು ಕೊಡುವ ವಾಟಿ

ಕಿರ್ಕ್‌ಡಾರಕ್ ನೋಡಲು ಬಂದವರಿಗೆ ಊರು ತೋರಿಸುವ ಕೆಲಸ ವಾಟಿ ಗೆಡ್ಡಿಸ್‌ನ ಪಾಲಿಗೆ ಬಂದದ್ದು ಅವನ ಮಂಡಿಗಳ ದೆಸೆಯಿಂದ. ಮಂಡಿ ಗಟ್ಟಿಯಿರುವ ತನಕ ಅವನು ಕುರಿ ಕಾಯುತ್ತಿದ್ದ. ಗುಡ್ಡ ಹತ್ತಲಾಗದ ದಿನ ಬಂದಾಗ ಕುರಿಗಳು ಬೇರೆಯವರ ಕೈಗೆ ಹೋದವು. ಅವನಿಗೆ ಉಳಿದದ್ದು ಒಂದು ಹಳೆಯ ಜೀಪು ಮತ್ತು ನೆಲ್ ಎಂಬ ಮುದಿ ನಾಯಿ. ಕುರಿಗಳ ಜಾಗಕ್ಕೆ ಪ್ರವಾಸಿಗಳು ಬಂದರು. ದೊಡ್ಡ ವ್ಯತ್ಯಾಸವೇನಿಲ್ಲ ಎಂದು ವಾಟಿ ಹೇಳುತ್ತಿದ್ದ. ಇಬ್ಬರೂ ಗೇಟು ಹಾಕದೆ ಬರುತ್ತಾರೆ, ಮಳೆ ಬಂದರೆ ಗುಂಪುಗಟ್ಟಿ ನಿಲ್ಲುತ್ತಾರೆ. ಕುರಿಗಳು ಫೋಟೊ ತೆಗೆಯುವುದಿಲ್ಲ, ಅಷ್ಟೆ.

ಊರು ತೋರಿಸುವುದರಲ್ಲಿ ಅವನಷ್ಟು ಕೆಟ್ಟವನು ಇಡೀ ಸ್ಕಾಟ್ಲೆಂಡಿನಲ್ಲಿ ಸಿಗಲಾರ. ಕೋಟೆಯ ಮುಂದೆ ಜೀಪು ನಿಲ್ಲಿಸಿ, "ಕೋಟೆ. ಗೋಡೆ ಇದೆ, ಸೂರಿಲ್ಲ. ಒಳಗೆ ಹೋದ್ರೂ ನೆನೀತೀರಿ, ಇಲ್ಲೇ ನಿಂತ್ರೂ ನೆನೀತೀರಿ," ಎನ್ನುವನು. ಜಲಪಾತದ ಹತ್ತಿರ ಅಷ್ಟೂ ಇಲ್ಲ: "ನೀರು ಬೀಳತ್ತೆ." ಆದರೆ ಗುಡ್ಡದ ಮೇಲೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಒಂದು ಗೋಡೆಯಿದೆ. ಅಲ್ಲಿಗೆ ಬಂದರೆ ಸಾಕು, ಇದು ಅಪ್ಪ ಇಟ್ಟ ಕಲ್ಲು, ಇದು ನಾನಿಟ್ಟದ್ದು, ಹಿಮ ಬಿದ್ದ ವರ್ಷ ಒಂದು ಕುರಿ ಇಲ್ಲಿಂದ ಹಾರಲು ಹೋಗಿ ಗೋಡೆಯ ಮೇಲೇ ಮರಿ ಹಾಕಿತು ಎಂದು ಶುರು ಮಾಡಿದರೆ ಪ್ರವಾಸಿಗಳ ಚಹಾ ಆರಿ ತಣ್ಣಗಾಗುತ್ತಿತ್ತು. ವಿಚಿತ್ರವೆಂದರೆ ಕೋಟೆ ನೋಡಲು ಬಂದವರು ಊರಿಗೆ ಹೋಗಿ ಗೋಡೆಯ ಕಥೆಯನ್ನೇ ಹೇಳುತ್ತಿದ್ದರು.

ಮಾತು ಬೆಳ್ಳಿ ಮೌನ ಬಂಗಾರ ಎಂಬುದು ನಿಜವಾಗಿದ್ದರೆ ನಮ್ಮ ವಾಟಿಯಂಥ ಸಾಹುಕಾರ ಜಿಲ್ಲೆಯಲ್ಲೇ ಇರುತ್ತಿರಲಿಲ್ಲ. ಅವನೊಬ್ಬನದೇ ತಪ್ಪೆನ್ನುವ ಹಾಗೂ ಇಲ್ಲ. ಕಿರ್ಕ್‌ಡಾರಕ್‌ನವರು ಹೊಗಳುವುದರಲ್ಲಿ ಮಹಾ ಜಿಪುಣರು. ಇಲ್ಲಿ ಹೊಗಳಿಕೆಗೆ ಇರುವುದು ಒಂದೇ ಮಾತು: ಪರವಾಗಿಲ್ಲ. ಮದುವೆಯ ಹೆಣ್ಣು ಪರವಾಗಿಲ್ಲ, ಬೇಸಿಗೆಯ ಬಿಸಿಲು ಪರವಾಗಿಲ್ಲ, ಸ್ವರ್ಗ ನೋಡಿ ಬಂದರೂ ಪರವಾಗಿಲ್ಲ ಎಂದೇ ಹೇಳುವವರು. ಪ್ರಾಯದಲ್ಲಿ ನೆಲ್ ಕುರಿನಾಯಿಗಳ ಪಂದ್ಯದಲ್ಲಿ ಎಲ್ಲರನ್ನೂ ಸೋಲಿಸಿದ ದಿನ ವಾಟಿಯ ಅಪ್ಪ "ಪರವಾಗಿಲ್ಲ" ಎಂದವನು ಕಾಲಲ್ಲಿ ಶಕ್ತಿಯಿಲ್ಲದೆ ಹತ್ತಿರದ ಗೋಡೆಯ ಮೇಲೆ ಕೂತುಬಿಟ್ಟಿದ್ದ. ಆ ಒಂದು ಮಾತನ್ನು ವಾಟಿ ಇವತ್ತಿಗೂ ಮರೆತಿಲ್ಲ.

ಪ್ರವಾಸಿಗಳು ಉಳಿದುಕೊಳ್ಳುತ್ತಿದ್ದದ್ದು ಸೇತುವೆಯ ಪಕ್ಕ, ಐನಾ ಮರ್ಚಿಯ ಮನೆಯಲ್ಲಿ. ಐನಾ ಸಮುದ್ರತೀರದ ಅರ್ಬ್ರೋತ್‌ನ ಮೀನುಗಾರರ ಮಗಳು. ಗಡಿಯಾರ ರಿಪೇರಿಯ ಮರ್ಚಿಯನ್ನು ಮದುವೆಯಾಗಿ ಈ ಊರಿಗೆ ಬಂದವಳು. ಮರ್ಚಿ ತೀರಿಕೊಂಡು ಎಷ್ಟೋ ಕಾಲವಾಯಿತು. ಊರ ಮಧ್ಯದ ಗಡಿಯಾರ ಅವನ ಹಿಂದೆಯೇ ನಿಂತುಹೋಯಿತು, ಐನಾ ನಿಲ್ಲಲಿಲ್ಲ. ಮೇಲಿನ ಕೋಣೆಗಳನ್ನು ಬಂದವರಿಗೆ ಕೊಟ್ಟು, ಒದ್ದೆ ಬೂಟಿನಲ್ಲಿ ಒಳಗೆ ಬಂದವರನ್ನು ಬೈದು, ಬೆಳಿಗ್ಗೆ ಎಲ್ಲರಿಗೂ ಉಪ್ಪು ಹಾಕಿದ ಓಟ್ಸ್ ಗಂಜಿ ಬಡಿಸಿ ಬದುಕು ನಡೆಸಿದಳು. ಪ್ರವಾಸಿಗಳನ್ನು ಕರೆದೊಯ್ಯಲು ಬರುವ ವಾಟಿಗೂ ಅಡುಗೆಮನೆಯ ಒಲೆಯ ಹತ್ತಿರ ಒಂದು ಬಟ್ಟಲು ಗಂಜಿ. ಅವನು ಬಟ್ಟಲನ್ನು ಬಳಿದು ತಿಂದು, "ಪರವಾಗಿಲ್ಲ, ಮಿಸೆಸ್ ಮರ್ಚಿ," ಎನ್ನುವನು. ಆಕೆ, "ತಣ್ಣಗಾಗಿತ್ತೇನೋ, ಗೆಡ್ಡಿಸ್ ಅವರೇ," ಎನ್ನುವಳು. ವರ್ಷಗಟ್ಟಲೆ ಇದೇ ನಡೆಯಿತು. ವಾಟಿಯ ಲೆಕ್ಕದಲ್ಲಿ ಇದು ಪ್ರೇಮ. ಹೇಳಬೇಕಾದ್ದನ್ನೆಲ್ಲ ದಿನಾ ಬೆಳಿಗ್ಗೆ ಹೇಳಿ ಮುಗಿಸುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಸಾಲದ್ದಕ್ಕೆ ರಸ್ತೆಯ ಮೇಲೂ ಹೇಳುತ್ತಿದ್ದ. ನಮ್ಮೂರಿನಿಂದ ಗುಡ್ಡ ಹತ್ತಿ ಸಮುದ್ರದ ಕಡೆಗೆ ಇಳಿಯುವ ರಸ್ತೆ ಒಂದು ಗಾಡಿಯಷ್ಟೇ ಅಗಲ. ಅಲ್ಲಲ್ಲಿ ಪಕ್ಕಕ್ಕೆ ಸ್ವಲ್ಪ ಜಾಗ ಮಾಡಿ ಬಿಳಿಯ ಫಲಕ ನೆಟ್ಟಿದ್ದಾರೆ, ಸೈಡು ಕೊಡುವುದಕ್ಕೆ. ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಸರಿದು ಆ ಜಾಗಕ್ಕೆ ಹೋಗಿ ದಾರಿ ಬಿಡಬೇಕು. ಮನುಷ್ಯ ಎಂಥ ಮನೆತನದವನು ಎಂದು ಇಲ್ಲಿ ತಿಳಿಯುವುದು ಅವನು ರಿವರ್ಸ್ ತೆಗೆದುಕೊಳ್ಳುವುದರಲ್ಲಿ. ಸೈಡು ಕೊಟ್ಟವರಿಗೆ ಸ್ಟೇರಿಂಗಿನ ಮೇಲಿಂದ ತೋರುಬೆರಳು ಎತ್ತಬೇಕು. ಪರಿಚಿತರು, ಅಪರಿಚಿತರು, ಶತ್ರುಗಳು, ಎಲ್ಲರಿಗೂ ಒಂದೇ ಬೆರಳು. ಇಡೀ ಕೈ ಎತ್ತುವುದು ಡಾಕ್ಟರಿಗೆ ಮತ್ತು ಹೆಣದ ಗಾಡಿಗೆ ಮಾತ್ರ. ವಾಟಿ ಐನಾಳಿಗೂ ಇಡೀ ಕೈ ಎತ್ತುತ್ತಿದ್ದ. ಇದಕ್ಕಿಂತ ಬಾಯಿಬಿಟ್ಟು ಹೇಳುವುದು ಹೇಗೆ?

ಐನಾ ಮಾತ್ರ ರಿವರ್ಸ್ ವಿಷಯದಲ್ಲಿ ಊರಿಗೇ ನಗೆಪಾಟಲು. ಮುಂದಕ್ಕೆ ಹೋಗುವಾಗ ರಾಣಿಯ ಹಾಗೆ ಹೋಗುವವಳು, ಹಿಂದಕ್ಕೆ ಎಂದರೆ ಕುಡಿದವರ ಹಾಗೆ. ಒಮ್ಮೆ ಚರ್ಚಿನ ಗೋಡೆಗೆ ತನ್ನ ಕೆಂಪು ಕಾರಿನ ಬೆನ್ನು ತಾಗಿಸಿದ್ದಳು. ಆ ಕೆಂಪು ಗೀರನ್ನು ಪಾದ್ರಿಗಳು ಅಳಿಸದೆ ಹಾಗೇ ಬಿಟ್ಟಿದ್ದಾರೆ, ಊರಿಗೆ ಅದೂ ಒಂದು ಚರಿತ್ರೆಯಂತೆ. ವಾಟಿ ಪ್ರವಾಸಿಗಳಿಗೆ ಕೋಟೆಗಿಂತ ಮೊದಲು ಆ ಗೀರನ್ನು ತೋರಿಸುತ್ತಿದ್ದ.

ಹೀಗಿರುವಾಗ ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ ಐನಾ ಗಂಜಿ ಬಡಿಸುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಈ ವರ್ಷಕ್ಕೆ ಸಾಕು ಅನ್ಸಿದೆ, ಗೆಡ್ಡಿಸ್ ಅವರೇ. ಅರ್ಬ್ರೋತ್‌ನಲ್ಲಿ ನನ್ನ ತಂಗಿ ಕ್ರಿಸಿ ಮನೇಲಿ ಕೆಳಗಡೆ ಕೋಣೆ ಖಾಲಿ ಇದೆ. ಮನೆ ಮುಚ್ಚಿ ಬಂದ್ಬಿಡು ಅಂತಾಳೆ. ಶುಕ್ರವಾರ ಹೋಗಿ, ಹೂಂ ಅಂತ ಹೇಳಿ ಬರ್ತೀನಿ."

ಹೇಳಿ, ಸೌಟು ಹಿಡಿದುಕೊಂಡೇ ತಿರುಗಿ ನಿಂತಳು. ಸೌಟಿನಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಒದ್ದೆ ಬೂಟಿನ ಒಂದು ಹನಿಗೆ ಊರೇ ಒಂದು ಮಾಡುವ ಐನಾ ಆ ತೊಟ್ಟುಗಳನ್ನು ನೋಡಲೇ ಇಲ್ಲ.

ವಾಟಿ ಚಮಚವನ್ನು ಬಟ್ಟಲಿನೊಳಗೆ ಇಟ್ಟ. ಹೋಗಬೇಡಿ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಬೇರೆಯವರ ವಿಷಯದಲ್ಲಿ ಮೂಗು ತೂರಿಸಬಾರದು, ಕೇಳದೆ ಸಲಹೆ ಕೊಡಬಾರದು, ಯಾರ ದಾರಿಗೂ ಅಡ್ಡ ನಿಲ್ಲಬಾರದು ಎಂದು ತಾಯಿ ಹಾಲಿನ ಜೊತೆ ಕುಡಿಸಿದ್ದ ಪಾಠ ಅಡ್ಡ ಬಂತು. ನುಂಗಿದ.

"ಯೋಚನೆ ಮಾಡೇ ಹೇಳ್ತಿದ್ದೀರಿ," ಎಂದ. ಸಾಲದೇನೋ ಅನಿಸಿ ಇನ್ನೊಂದು ಮಾತು ಸೇರಿಸಿದ: "ಸಮುದ್ರದ ಗಾಳಿ ಒಳ್ಳೇದು."

ಐನಾ ಸೌಟನ್ನು ಪಾತ್ರೆಗೆ ಹಾಕಿದ ಸದ್ದಿಗೆ ಒಲೆಯ ಕೆಳಗಿದ್ದ ನೆಲ್ ಎದ್ದು ಹೊರಗೆ ಹೋಯಿತು.

ಆ ಮಧ್ಯಾಹ್ನ ವಾಟಿ ಟಾಷ್‌ನ ಮಾಂಸದಂಗಡಿಗೆ ನಾಯಿಗೆ ಮೂಳೆ ತರಲು ಹೋದ. ಊರಿನಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ; ಆದರೂ ಟಾಷ್‌ಗೆ ಎಲ್ಲವೂ ಗೊತ್ತಿರುತ್ತದೆ. ಅವನು ಮೂಳೆಯನ್ನು ಬೇಕೆಂದೇ ನಿಧಾನವಾಗಿ ಕಡಿಯುತ್ತ, "ಐನಾ ಹೋಗ್ತಾಳಂತಲ್ಲ. ನೀನೇನಂದೆ?" ಎಂದ.

"ಸಮುದ್ರದ ಗಾಳಿ ಒಳ್ಳೇದು ಅಂದೆ."

ಟಾಷ್‌ನ ಕತ್ತಿ ಮೇಲೆತ್ತಿದಲ್ಲೇ ನಿಂತಿತು. "ಅಯ್ಯೋ ಪುಣ್ಯಾತ್ಮ! ಇನ್ನೇನು, ಪೆಟ್ಟಿಗೆ ಹೊತ್ಕೊಂಡ್ಹೋಗಿ ಕಾರಲ್ಲಿ ಇಡ್ತೀನಿ ಅಂತ್ಲೂ ಹೇಳ್ಬೇಕಿತ್ತು."

"ಅದೂ ಹೇಳೋಣ ಅಂತಿದ್ದೆ, ಭಾರ ಇರತ್ತಲ್ಲ."

"ನಿನ್ನ ತಲೆ! ಹೋಗಬೇಡ ಅನ್ನೋಕೆ ಏನಾಗಿತ್ತೋ?"

"ಅವರ ದಾರಿಗೆ ಅಡ್ಡ ಹಾಕೋಕೆ ನಾನ್ಯಾರು, ಟಾಷ್?"

ಟಾಷ್ ಮೂಳೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ನಾಯಿಗೆ ಹಾಕು. ಮನೇಲಿ ಬುದ್ಧಿ ಇರೋದು ಅದಕ್ಕೊಂದಕ್ಕೇ," ಎಂದ.

ವಾಟಿಗೆ ನಗು ಬರಲಿಲ್ಲ. ಅವನಿಗೆ ನಿಜಕ್ಕೂ ಭಯವಾಗಿತ್ತು. ಸೇತುವೆಯ ಪಕ್ಕದ ಆ ಅಡುಗೆಮನೆಯ ಕಿಟಕಿಯಲ್ಲಿ ಬೆಳಿಗ್ಗೆ ದೀಪ ಇಲ್ಲದ ಊರನ್ನು ನೆನೆಸಿಕೊಂಡರೆ ಹಿಮ ಬಿದ್ದ ಗುಡ್ಡದಲ್ಲಿ ಕುರಿ ಕಳೆದುಕೊಂಡಾಗ ಆಗುತ್ತಿದ್ದ ಸಂಕಟವೇ ಆಗುತ್ತಿತ್ತು. ಮಂಗಳವಾರ, ಬುಧವಾರ, ಗುರುವಾರ ಅವನು ಗಂಜಿ ತಿಂದು "ಪರವಾಗಿಲ್ಲ" ಎಂದ. ಐನಾ ತಣ್ಣಗಾಗಿತ್ತೇನೋ ಎನ್ನದೆ ಬಟ್ಟಲೆತ್ತಿಕೊಂಡು ಹೋದಳು.

ಶುಕ್ರವಾರ ಅವನ ಜೀಪಿಗೆ ಬಂದವರು ಗ್ಲಾಸ್ಗೋದ ಬರ್ನಡೆಟ್ ಮತ್ತು ಆಕೆಯ ಗಂಡ ಫ್ರಾಂಕ್. ಫ್ರಾಂಕ್ ಹಿಂದಿನ ಸೀಟಿನಲ್ಲಿ ಕೂತವನೇ ನಿದ್ದೆ ಹೋದ. ಹೆಂಡತಿ ಮಾತನಾಡುವಾಗಲೇ ಮಲಗಿ ಎದ್ದು ಅಭ್ಯಾಸವಾದವನು. ಮುಂದಿನ ಸೀಟು ನೆಲ್‌ನದು. ಬರ್ನಡೆಟ್ ಅದರ ಜೊತೆ ಜಗಳವಾಡಿ ಅರ್ಧ ಸೀಟು ಗೆದ್ದುಕೊಂಡಳು. ಗ್ಲಾಸ್ಗೋದವರಿಗೂ ನಮಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ಬಸ್ ಸ್ಟಾಪಿನಲ್ಲಿ ಸಿಕ್ಕವರಿಗೆ ತಮ್ಮ ಆಪರೇಷನ್ನಿನ ಕಥೆ ಪೂರ್ತಿ ಹೇಳಿ, ಬಸ್ಸು ಬರುವುದರೊಳಗೆ ಅವರದ್ದನ್ನೂ ಕೇಳಿ ತಿಳಿದುಕೊಳ್ಳುವ ಜನ.

"ಅಲ್ರೀ," ಎಂದಳು ಬರ್ನಡೆಟ್, ಕೋಟೆ ದಾಟುವಷ್ಟರಲ್ಲೇ, "ನಿಮಗೂ ಆ ಮನೆಯಮ್ಮನಿಗೂ ಏನು ಜಗಳ?"

"ಜಗಳ ಇಲ್ಲ."

"ಮತ್ತೆ ಬೆಳಿಗ್ಗೆ ಯಾಕೆ ಹಾಗೆ ಮುಖ ಮಾಡ್ಕೊಂಡಿದ್ರು? ಗಂಡ ಹೆಂಡ್ತಿ ಅಲ್ವಾ ನೀವು?"

ಜೀಪು ರಸ್ತೆ ಬಿಟ್ಟು ಹುಲ್ಲಿಗೆ ಇಳಿದು ಮತ್ತೆ ಹತ್ತಿತು. "ಅಲ್ಲ," ಎಂದ ವಾಟಿ. "ಅಲ್ಲಿ ಜಲಪಾತ. ನೀರು ಬೀಳತ್ತೆ."

"ಜಲಪಾತ ಹಾಳಾಗ್ಲಿ. ಗಂಡ ಅಲ್ದಿದ್ರೆ ನಿಮಗ್ಯಾಕೆ ಕೆನೆ?"

"ಏನು ಕೆನೆ?"

"ಗಂಜಿಗೆ! ನಮಗೆಲ್ಲ ಹಾಲು ಇಟ್ರು. ನಾನು ಬೂಟು ಹುಡುಕ್ತಾ ಅಡುಗೆಮನೆಗೆ ಬಂದಾಗ ಕಣ್ಣಾರೆ ನೋಡ್ದೆ, ಸಣ್ಣ ಜಗ್ಗಲ್ಲಿ ತೆಗೆದಿಟ್ಟಿದ್ದ ಕೆನೆ ಪೂರ್ತಿ ನಿಮ್ಮ ಬಟ್ಟಲಿಗೆ ಸುರಿದ್ರು. ನಂಗೂ ಸ್ವಲ್ಪ ಕೊಡಿ ಅಂದೆ. ಅದು ಗೆಡ್ಡಿಸ್ ಅವರದ್ದು ಅಂದ್ರು, ಮುಖ ಕೆಂಪಗೆ ಮಾಡ್ಕೊಂಡು. ಸಿಟ್ಟು ಬಂದಿದ್ದಾಗ್ಲೂ ಕೆನೆ ಹಾಕ್ತಾರೆ ಅಂದ್ರೆ ನೋಡಿ!"

ಗೋಡೆ ಬಂತು, ಹೋಯಿತು. ವಾಟಿ ಅಪ್ಪನ ಕಲ್ಲನ್ನೂ ತೋರಿಸಲಿಲ್ಲ, ಕುರಿ ಮರಿ ಹಾಕಿದ ಜಾಗವನ್ನೂ ತೋರಿಸಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಎಲ್ಲರಿಗೂ ಕೆನೆಯೇ ಎಂದು ಅವನು ತಿಳಿದಿದ್ದ. ಅವನೇನೋ ದಿನಕ್ಕೊಂದು ಪರವಾಗಿಲ್ಲ ಕೊಟ್ಟು ದೊಡ್ಡ ದಾನಿಯೆಂದುಕೊಂಡಿದ್ದರೆ, ಆಕೆ ಮಾತಿಲ್ಲದೆ ಪ್ರತಿದಿನ ಅದಕ್ಕಿಂತ ಹೆಚ್ಚು ಕೊಟ್ಟಿದ್ದಳು. ನಾಚಿಕೆಯಾಯಿತು. ಜೊತೆಗೇ ಎದೆಯಲ್ಲಿ ಏನೋ ಬೆಚ್ಚಗಾಯಿತು. ಆಮೇಲೆ ಇವತ್ತು ಶುಕ್ರವಾರ ಎಂಬುದು ನೆನಪಾಗಿ ಎಲ್ಲ ತಣ್ಣಗಾಯಿತು. ಗೋಡೆಯ ಮುಂದಿನ ತಿರುವಿನಲ್ಲೇ ಜೀಪನ್ನು ಊರಿನ ಕಡೆಗೆ ತಿರುಗಿಸಿದ.

ಗುಡ್ಡದ ನೆತ್ತಿ ದಾಟಿ ಇಳಿಯುವಾಗ ಎದುರಿಗೆ ಐನಾಳ ಕೆಂಪು ಕಾರು ಹತ್ತಿ ಬರುತ್ತಿತ್ತು. ಐನಾ ಟೋಪಿ ಹಾಕಿಕೊಂಡಿದ್ದಳು. ಟೋಪಿ ಹಾಕಿದ್ದಾಳೆಂದರೆ ಚರ್ಚಿಗೆ, ಇಲ್ಲವೇ ತೀರ್ಮಾನಕ್ಕೆ.

ಎರಡೂ ಗಾಡಿಗಳು ನಿಂತವು. ಮುಂದಿನ ಕ್ಷಣ ವಾಟಿಯ ಕೈ ತನ್ನಷ್ಟಕ್ಕೆ ರಿವರ್ಸ್ ಹಾಕಿತು. ಜೀವಮಾನದ ಅಭ್ಯಾಸ, ಎದೆ ಒಡೆದರೂ ಕೈ ಕೇಳಬೇಕಲ್ಲ. ಜೀಪು ಹಿಂದಕ್ಕೆ ಹತ್ತಿ, ಮೇಲಿನ ಬಿಳಿ ಫಲಕದ ಪಕ್ಕ ಅಚ್ಚುಕಟ್ಟಾಗಿ ನಿಂತಿತು. ಕೆಳಗೆ ನೋಡಿದರೆ ಐನಾಳ ಕಾರೂ ಓಲಾಡುತ್ತ ಹಿಂದಕ್ಕೆ ಇಳಿಯುತ್ತಿತ್ತು. ಎರಡು ಸಲ ಹುಲ್ಲಿಗೆ ಇಳಿದು, ಒಂದು ಕುರಿಯನ್ನು ಓಡಿಸಿ, ಕೆಳಗಿನ ಫಲಕದ ಹತ್ತಿರ ಸೊಟ್ಟಗೆ ನಿಂತಿತು. ನಡುವೆ ರಸ್ತೆ ಖಾಲಿ ಬಿದ್ದಿತ್ತು.

ಐನಾ ಲೈಟು ಮಿಣುಕಿಸಿದಳು. ಬನ್ನಿ ಎಂದು. ವಾಟಿ ಲೈಟು ಮಿಣುಕಿಸಿದ. ನೀವು ಬನ್ನಿ ಎಂದು.

"ಏನಾಗ್ತಿದೆ?" ಎಂದಳು ಬರ್ನಡೆಟ್.

"ಸೈಡು ಕೊಟ್ಟಿದೀನಿ."

"ಅವ್ರು?"

"ಅವರೂ ಕೊಟ್ಟಿದಾರೆ."

"ಮತ್ತೆ ಹೋಗೋರು ಯಾರು?"

"ಕಾಯ್ಬೇಕು," ಎಂದ ವಾಟಿ.

"ಎಷ್ಟು ಹೊತ್ತು?"

"ಅದು ಅವರವರ ಸಂಸ್ಕಾರ."

"ರೀ!" ಬರ್ನಡೆಟ್ ಹಿಂದಕ್ಕೆ ಕೈಚಾಚಿ ಗಂಡನನ್ನು ಅಲುಗಾಡಿಸಿದಳು. "ಏಳ್ರೀ, ಇಲ್ಲಿಬ್ರು ಮರ್ಯಾದಸ್ಥರು ಗುಡ್ಡದ ಮೇಲೆ ನಿಂತು ಮುದುಕರಾಗ್ತಿದಾರೆ!"

ಫ್ರಾಂಕ್ ಒಂದು ಕಣ್ಣು ತೆರೆದು, "ಆಗ್ಲೇ ಆಗಿದಾರೆ," ಎಂದು ಮತ್ತೆ ಮುಚ್ಚಿದ.

ಆ ಮಾತು ವಾಟಿಗೆ ತಾಗಿತು. ನಿಜವೇ ಅಲ್ಲವೇ ಅನಿಸಿತು. ಐನಾ ಸೋಮವಾರ ಸೌಟು ಹಿಡಿದು ನಿಂತಿದ್ದಳಲ್ಲ, ಅವತ್ತೂ ಹೀಗೇ ಕಾಯುತ್ತಿದ್ದಳೇನೋ. ಅವನು ದೊಡ್ಡ ಮನಸ್ಸಿನಿಂದ ದಾರಿ ಬಿಟ್ಟುಕೊಟ್ಟಿದ್ದ. ಆಕೆಗೆ ಬೇಕಾಗಿದ್ದದ್ದು ದಾರಿ ಆಗಿರಲಿಲ್ಲವೇನೋ.

ಗೇರು ಹಾಕಿ ಜೀಪು ಬಿಟ್ಟ. ಅದೇ ಹೊತ್ತಿಗೆ ಕೆಳಗೆ ಐನಾಳೂ ಕಾದು ಕಾದು ಬೇಸತ್ತು ಕಾರು ಬಿಟ್ಟಿದ್ದಳು. ಇಬ್ಬರೂ ಮೊದಲು ನಿಂತಿದ್ದ ಜಾಗದಲ್ಲೇ ಮತ್ತೆ ಮುಖಾಮುಖಿಯಾದರು, ಮೂಗಿಗೆ ಮೂಗು. ಐನಾ ತಪ್ಪಾಯಿತೆನ್ನುವಂತೆ ತಲೆಯಾಡಿಸಿ, ಮತ್ತೆ ಹಿಂದಕ್ಕೆ ಹೋಗಲು ಕುತ್ತಿಗೆ ತಿರುಗಿಸಿದಳು. ವಾಟಿ ಇಂಜಿನ್ ಆರಿಸಿದ. ಬೀಗದ ಕೈಯನ್ನೇ ತೆಗೆದು ಜೇಬಿಗೆ ಹಾಕಿಕೊಂಡ. ಬಾಗಿಲು ತೆಗೆದು ರಸ್ತೆಯ ನಡುವೆ ಇಳಿದು ನಿಂತ.

ಐನಾಳೂ ಇಳಿದಳು. ಗಾಳಿಗೆ ಟೋಪಿ ಹಿಡಿದುಕೊಂಡು, "ಗಾಡಿ ಕೆಟ್ಟಿತಾ, ಗೆಡ್ಡಿಸ್ ಅವರೇ?" ಎಂದಳು.

"ಇಲ್ಲ."

"ಮತ್ತೆ?"

"ಸೈಡು ಕೊಡಲ್ಲ."

ಕಿರ್ಕ್‌ಡಾರಕ್‌ನಲ್ಲಿ ಈ ಮಾತನ್ನು ಯಾರೂ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಐನಾ ಅವನ ಮುಖವನ್ನು ಕಾಯಿಲೆಯವರನ್ನು ನೋಡುವ ಹಾಗೆ ನೋಡಿದಳು.

"ಕ್ರಿಸಿ ಮೀನು ಬೇಯಿಸಿ ಕಾಯ್ತಿರ್ತಾಳೆ," ಎಂದಳು.

"ಸಮುದ್ರದ ಗಾಳಿ ನಿಮಗೆ ಒಳ್ಳೇದಲ್ಲ."

"ಸೋಮವಾರ ಒಳ್ಳೇದು ಅಂದ್ರಿ?"

"ಸುಳ್ಳು ಹೇಳ್ದೆ." ವಾಟಿ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಎಲ್ರಿಗೂ ಕೆನೆ ಹಾಕ್ತೀರಿ ಅಂತ ಅಂದ್ಕೊಂಡಿದ್ದೆ."

ಐನಾ ಟೋಪಿಯನ್ನು ತಲೆಗೆ ಇನ್ನಷ್ಟು ಒತ್ತಿ ಹಿಡಿದಳು. ಆಮೇಲೆ, "ಇಡೀ ಊರಿಗೆ ಹಾಕೋಕೆ ನಾನೇನು ಡೈರಿ ಇಟ್ಟಿದೀನಾ?" ಎಂದಳು. ದನಿ ಮಾತ್ರ ಬೈಯುವ ದನಿಯಾಗಿರಲಿಲ್ಲ. "ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಾ ನಿಮಗೆ?"

"ಇಲ್ಲ."

"ನಾಯಿಗಾದ್ರೂ ಗೊತ್ತಿರ್ತಿತ್ತು."

"ಟಾಷ್ ಕೂಡ ಅದೇ ಅಂದ." ವಾಟಿ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ ಒಂದೇ ಉಸಿರಿಗೆ ಹೇಳಿದ. "ಹೋಗಬೇಡ, ಐನಾ. ನೀನು ಹೋದ್ರೆ ನಂಗೆ ಆಗಲ್ಲ."

ಜೀಪಿನೊಳಗೆ ಬರ್ನಡೆಟ್ ನಾಯಿಯ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಳು.

ಐನಾ ಕಣ್ಣು ಒರೆಸಿಕೊಂಡು, "ಹಾಳು ಗಾಳಿ," ಎಂದಳು. ಕಾರಿನೊಳಗೆ ಹೋಗಿ ಕೂತು, ಟೋಪಿ ತೆಗೆದು ಪಕ್ಕದ ಸೀಟಿನ ಮೇಲಿಟ್ಟಳು. ಕುತ್ತಿಗೆ ಹಿಂದಕ್ಕೆ ತಿರುಗಿಸಿ ರಿವರ್ಸ್ ತೆಗೆದುಕೊಂಡಳು.

ವಾಟಿ ಜೀಪು ಹತ್ತಿ ಹಿಂದೆಯೇ ನಿಧಾನವಾಗಿ ಇಳಿದ. ಕೆಳಗಿನ ಬಿಳಿ ಫಲಕದ ಹತ್ತಿರ ಆಕೆ ಪಕ್ಕಕ್ಕೆ ಸರಿದು ಸೈಡು ಕೊಟ್ಟರೆ ಮುಗಿಯಿತು. ಅವನು ದಾಟಿ ಊರಿಗೆ ಹೋಗಬೇಕು, ಆಕೆ ಸಮುದ್ರಕ್ಕೆ. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಇನ್ನೊಂದು ಮಾತು ಅವನ ಬಳಿ ಇರಲಿಲ್ಲ. ಕೆಂಪು ಕಾರು ಓಲಾಡುತ್ತ ಫಲಕದ ಹತ್ತಿರ ಬಂತು. ಪಕ್ಕಕ್ಕೆ ಸರಿಯಿತು. ವಾಟಿ ಕಣ್ಣು ಮುಚ್ಚಿದ.

"ರೀ, ಕಣ್ಣು ಬಿಡ್ರೀ, ಗಾಡಿ ಓಡಿಸ್ತಿದೀರಿ!" ಎಂದು ಬರ್ನಡೆಟ್ ಕಿರುಚಿದಳು.

ಕಣ್ಣು ಬಿಟ್ಟರೆ ಕಾರು ಅಲ್ಲಿ ನಿಂತಿರಲಿಲ್ಲ. ಪಕ್ಕಕ್ಕೆ ಸರಿದದ್ದು ಎಂದಿನ ಓಲಾಟ ಅಷ್ಟೆ. ಫಲಕವನ್ನು ದಾಟಿ, ಅದರ ಕೆಳಗಿನ ಫಲಕವನ್ನೂ ದಾಟಿ, ಐನಾ ಹಿಂದುಹಿಂದಕ್ಕೇ ಹೋಗುತ್ತಿದ್ದಳು. ಇಡೀ ಗುಡ್ಡವನ್ನು ರಿವರ್ಸಿನಲ್ಲಿ ಇಳಿದು, ಸೇತುವೆಯನ್ನು ರಿವರ್ಸಿನಲ್ಲಿ ದಾಟಿ, ತನ್ನ ಗೇಟನ್ನೂ ತಪ್ಪಿಸಿಕೊಂಡು ಊರೊಳಗೆ ಬಂದು, ಕೊನೆಗೆ ಚರ್ಚಿನ ಗೋಡೆಗೆ ಹಳೆಯ ಗೀರಿನ ಪಕ್ಕದಲ್ಲೇ ಹೊಸದೊಂದು ಗೀರು ಎಳೆದು ನಿಂತಳು. ಟಾಷ್ ಕತ್ತಿ ಹಿಡಿದುಕೊಂಡೇ ಅಂಗಡಿಯಿಂದ ಹೊರಗೆ ಬಂದಿದ್ದ. ಕತ್ತಿಯನ್ನು ಎಡಗೈಗೆ ಬದಲಾಯಿಸಿ ಬಲಗೈಯನ್ನು ಪೂರ್ತಿ ಮೇಲೆತ್ತಿದ.

ಐನಾ ಕಾರಿನಿಂದ ಇಳಿದಳು. ಕೂದಲು ಕೆದರಿತ್ತು. ಜೀಪಿನಿಂದ ಇಳಿದು ಬಂದ ವಾಟಿಯನ್ನು ನೋಡಿ, "ಹೇಗಿತ್ತು?" ಎಂದು ಕೇಳಿದಳು.

ವಾಟಿ ಹೊಸ ಗೀರನ್ನು ನೋಡಿದ, ಆಕೆಯನ್ನು ನೋಡಿದ.

"ಪರವಾಗಿಲ್ಲ," ಎಂದವನು ಕಾಲಲ್ಲಿ ಶಕ್ತಿಯಿಲ್ಲದೆ ಚರ್ಚಿನ ಗೋಡೆಯ ಮೇಲೆ ಕೂತುಬಿಟ್ಟ.